ಬಿಂದುವಿಗೆ ಪಕ್ಕದ ಮನೆ ಇಲ್ಲ, ಮೇಷ್ಟ್ರೇ

ಮೇಷ್ಟ್ರೇ, ನಮಸ್ಕಾರ.

ನಮ್ಮ ಮಕ್ಕಳ ವಿಜ್ಞಾನ ಪತ್ರಿಕೆಗೆ ನೀವು ಕಳಿಸಿದ ‘ರೇಖಾಗಣಿತದ ಮೊದಲ ಮೆಟ್ಟಿಲು’ ಲೇಖನ ಓದಿದೆ. ಆರನೇ ಕ್ಲಾಸಿನ ಮಕ್ಕಳಿಗೆ ಬಿಂದು, ರೇಖೆ, ಕಿರಣ, ಕೋನ, ಸಮತಲ ಇಷ್ಟನ್ನೂ ನಾಲ್ಕು ಪುಟದಲ್ಲಿ ಹೇಳುವುದು ಸುಲಭದ ಕೆಲಸ ಅಲ್ಲ. ಭಾಷೆ ತಿಳಿಯಾಗಿದೆ. ಚುಕ್ಕಿ ರಂಗೋಲಿಯಿಂದ ಶುರು ಮಾಡಿದ್ದು ಚೆನ್ನಾಗಿದೆ. ಕಾಗುಣಿತದ ತಪ್ಪು ಎರಡೇ ಎರಡು. ಹೊಗಳಿಕೆ ಇಷ್ಟಕ್ಕೆ ಸಾಕು ಅಂದುಕೊಳ್ಳಿ, ಯಾಕಂದ್ರೆ ನಿಮ್ಮ ಎರಡು ಸಾಲು ನಿನ್ನೆಯಿಂದ ನನ್ನ ತಲೆ ತಿನ್ನುತ್ತಿವೆ.

ಮೊದಲನೆಯದು ಎರಡನೇ ಪ್ಯಾರಾದಲ್ಲಿದೆ. ‘ಬಿಂದು ಎಂದರೆ ಅತ್ಯಂತ ಚಿಕ್ಕ ಚುಕ್ಕೆ. ಹಾರದಲ್ಲಿ ಮುತ್ತುಗಳಿರುವಂತೆ ಬಿಂದುಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ರೇಖೆಯಾಗುತ್ತದೆ.’

ಅತ್ಯಂತ ಚಿಕ್ಕ ಅಂದ್ರೆ ಎಷ್ಟು ಚಿಕ್ಕ? ನಿಮ್ಮ ಕ್ಲಾಸಿನಲ್ಲಿ ಒಬ್ಬ ತರಲೆ ಹುಡುಗ ಇದ್ದೇ ಇರುತ್ತಾನೆ, ಅವನು ಕೇಳುತ್ತಾನೆ. 0.5 ಮಿಲಿಮೀಟರ್ ಕಡ್ಡಿಯ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟುಕೊಂಡು ಹೋದರೆ 10 ಸೆಂಟಿಮೀಟರ್ ಗೆರೆಗೆ 200 ಚುಕ್ಕೆ ಬೇಕು. ಇನ್ನೂ ಸಣ್ಣ ಪೆನ್ನು ತಂದು 0.1 ಮಿಲಿಮೀಟರಿನ ಚುಕ್ಕೆ ಇಟ್ಟರೆ 1000. ಹಾಗಾದರೆ ನಿಜವಾದ ಬಿಂದುಗಳು ಎಷ್ಟು ಬೇಕು ಸಾರ್? ಬಿಂದುವಿಗೆ ಉದ್ದವೇ ಇಲ್ಲ. ಸೊನ್ನೆಯ ಪಕ್ಕ ಸೊನ್ನೆ ಎಷ್ಟು ಜೋಡಿಸಿದರೂ ಒಂದು ಮಿಲಿಮೀಟರ್ ಕೂಡ ಮುಂದೆ ಹೋಗುವುದಿಲ್ಲ.

ಆ ಮುತ್ತಿನ ಹಾರ ಅಂತೂ ನನ್ನನ್ನು ತುಂಬಾ ಕಾಡಿತು. ನೋಡೋಕೆ ಚೆಂದ, ಒಳಗೆ ಪೂರ್ತಿ ತಪ್ಪು. ಹಾರದಲ್ಲಿ ಒಂದು ಮುತ್ತಿಗೆ ಪಕ್ಕದ ಮುತ್ತು ಅಂತ ಇರುತ್ತದೆ. ಬಿಂದುವಿಗೆ ಪಕ್ಕದ ಬಿಂದು ಇಲ್ಲ. ಅಳತೆಪಟ್ಟಿಯ ಮೇಲೆ 5ರ ಗುರುತಿಗೆ ಪಕ್ಕದ ಬಿಂದು ಯಾವುದು? 5.1 ಅಂದರೆ ಮಧ್ಯದಲ್ಲಿ 5.05 ಇದೆ. 5.05 ಅಂದರೆ ಅದಕ್ಕಿಂತ ಹತ್ತಿರ 5.01 ಇದೆ. ಯಾವ ಎರಡು ಬಿಂದು ಹಿಡಿದರೂ ನಡುವೆ ಇನ್ನೊಂದು ನುಗ್ಗಿ ಕೂತಿರುತ್ತದೆ. ಇದು ಆರನೇ ಕ್ಲಾಸಿಗೆ ಜಾಸ್ತಿ ಆಯ್ತು ಅಂತೀರಾ? ದಶಮಾಂಶ ಕಲಿತ ಮಗುವಿಗೆ ಇದೊಂದು ಆಟ. ನೀವು ಬರೆಯಬೇಕಿದ್ದದ್ದೇ ಈ ಆಟ, ಅದನ್ನು ಬಿಟ್ಟು ಹಾರ ಹಾಕಿದ್ದೀರಿ.

ಹಳೇ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಈ ವಿಷಯದಲ್ಲಿ ಹುಷಾರು. ಸುಮಾರು ಕ್ರಿ.ಪೂ. 300ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಅವನ ರೇಖಾಗಣಿತದ ಪುಸ್ತಕ ‘ಎಲಿಮೆಂಟ್ಸ್’ ಶುರುವಾಗುವುದೇ ‘ಭಾಗಗಳಿಲ್ಲದ್ದು ಬಿಂದು’ ಅಂತ. ಎರಡನೆಯದು, ಅಗಲವಿಲ್ಲದ ಉದ್ದವೇ ರೇಖೆ. ಮೂರನೆಯದು, ರೇಖೆಯ ತುದಿಗಳು ಬಿಂದುಗಳು. ಗಮನಿಸಿದಿರಾ? ‘ಚಿಕ್ಕ’ ಅನ್ನೋ ಮಾತೇ ಇಲ್ಲ. ಬಿಂದುಗಳನ್ನು ಪೋಣಿಸಿ ರೇಖೆ ಮಾಡುವ ಮಾತೂ ಇಲ್ಲ. ರೇಖೆ ಮೊದಲೇ ಇದೆ, ಅದು ನಿಲ್ಲುವ ಕಡೆ ಬಿಂದು ಇದೆ, ಅಷ್ಟೇ.

ಅವನದ್ದೂ ಪೂರ್ತಿ ಗಟ್ಟಿ ಅಂತ ನಾನು ಹೇಳುತ್ತಿಲ್ಲ. ಭಾಗ ಅಂದ್ರೇನು, ಅಗಲ ಅಂದ್ರೇನು ಅಂತ ಅದೇ ತರಲೆ ಹುಡುಗ ಕೇಳಿದರೆ ಯೂಕ್ಲಿಡ್ಡೂ ತಲೆ ಕೆರೆದುಕೊಳ್ಳಬೇಕು. ಒಂದು ಪದವನ್ನು ಹೇಳೋಕೆ ಇನ್ನೊಂದು ಪದ ಬೇಕು, ಅದಕ್ಕೆ ಮತ್ತೊಂದು. ಕೊನೆಗೆ ರೇಖೆ ಅಂದ್ರೆ ಗೆರೆ, ಗೆರೆ ಅಂದ್ರೆ ರೇಖೆ. ಜರ್ಮನಿಯ ಗಣಿತಜ್ಞ ಹಿಲ್ಬರ್ಟ್ 1899ರಲ್ಲಿ ರೇಖಾಗಣಿತವನ್ನು ತಳದಿಂದ ಮತ್ತೆ ಕಟ್ಟಿದಾಗ ಈ ಗೋಜಿಗೇ ಹೋಗಲಿಲ್ಲ. ಬಿಂದು, ಸರಳರೇಖೆ, ಸಮತಲ ಏನು ಅಂತ ವಿವರಿಸದೆ ಬಿಟ್ಟು, ಅವು ಒಂದರ ಜೊತೆ ಒಂದು ಹೇಗೆ ನಡೆದುಕೊಳ್ಳುತ್ತವೆ ಅನ್ನೋದನ್ನು ಮಾತ್ರ ಬರೆದ. ಎರಡು ಬಿಂದುಗಳ ಮೂಲಕ ಹೋಗುವ ಸರಳರೇಖೆ ಒಂದೇ ಒಂದು, ಈ ಥರ.

ಮಕ್ಕಳಿಗೆ ಇದನ್ನು ಹೇಗೆ ಹೇಳೋದು? ಚೌಕಾಬಾರ ಇದೆಯಲ್ಲ. ಕಾಯಿ ಅಂದ್ರೇನು ಅಂತ ಯಾರಾದರೂ ಕೇಳುತ್ತಾರಾ? ಒಬ್ಬರು ಬಳೆಚೂರು ಇಡುತ್ತಾರೆ, ಇನ್ನೊಬ್ಬರು ಹುಣಸೆಬೀಜ, ಮತ್ತೊಬ್ಬರು ಅಂಗಳದ ಕಲ್ಲು. ಕಾಯಿ ಯಾವುದಾದರೂ ಆಗಲಿ, ಎಷ್ಟು ಮನೆ ನಡೆಯಬೇಕು, ಯಾವಾಗ ಹೊಡೆಯಬೇಕು ಅನ್ನೋದು ಗೊತ್ತಿದ್ದರೆ ಆಟ ಆಯ್ತು. ಬಿಂದುವೂ ಹಾಗೇ. ‘ಕಾಗದದ ಮೇಲೆ ಇಡುವ ಚುಕ್ಕೆ ಬಿಂದುವಿನ ಗುರುತು, ಬಿಂದು ಅಲ್ಲ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿ.

ಇನ್ನು ಎರಡನೇ ಸಾಲು. ಇದಕ್ಕೆ ನನಗೆ ಸಿಟ್ಟೇ ಬಂತು. ‘ಎರಡು ರೇಖೆಗಳ ನಡುವಿನ ಜಾಗವೇ ಕೋನ.’ ಕೆಳಗೆ ಚಿತ್ರ 4ರಲ್ಲಿ ಗಿಡ್ಡ ಬಾಹುಗಳ ಒಂದು ಕೋನ, ಉದ್ದ ಬಾಹುಗಳ ಒಂದು ಕೋನ. ಗಿಡ್ಡದ್ದರ ಕೆಳಗೆ ‘ಚಿಕ್ಕ ಕೋನ’, ಉದ್ದದ್ದರ ಕೆಳಗೆ ‘ದೊಡ್ಡ ಕೋನ’. ನಾನು ಕೋನಮಾಪಕ ತೆಗೆದುಕೊಂಡು ಅಳೆದೇ ಬಿಟ್ಟೆ. ನಿಮ್ಮ ಚಿಕ್ಕದು 50 ಡಿಗ್ರಿ. ನಿಮ್ಮ ದೊಡ್ಡದು 40!

ನಗಬೇಡಿ, ನಾನೂ ನಗಲ್ಲ. ಇದೇ ಹಳ್ಳಕ್ಕೆ ನಾನೂ ಬಿದ್ದಿದ್ದೆ. ಆಗ ನನಗೆ ಇಪ್ಪತ್ತೆರಡು. ಒಂದು ಸಣ್ಣ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ, ಚಿತ್ರ ಬೇಕಂದ್ರೆ ಬ್ಲಾಕ್ ಮಾಡಿಸಬೇಕಿತ್ತು. ಒಂದು ಗಣಿತದ ಲೇಖನಕ್ಕೆ ಯಾರೋ 60 ಡಿಗ್ರಿ ಕೋನವನ್ನು ಕಪ್ಪು ಶಾಯಿಯಲ್ಲಿ ಅಂಗೈಯಗಲ ಬಿಡಿಸಿ ಕೊಟ್ಟಿದ್ದರು. ಕಾಲಮ್ಮಿಗೆ ಹಿಡಿಸಲ್ಲ ಅಂತ ‘ಅರ್ಧಕ್ಕೆ ಇಳಿಸಿ’ ಎಂದು ಬರೆದು ಕಳಿಸಿದೆವು. ಬ್ಲಾಕ್ ಬಂತು, ಕರಡು ಬಂತು. ಕೆಳಗೆ ‘60 ಡಿಗ್ರಿ’ ಅಂತಲೇ ಇದೆ! ಚಿತ್ರ ಅರ್ಧ ಆಗಿದೆ, ಅಂಕಿ ಹಾಗೇ ಇದೆ, ಎಂಥಾ ಬೇಜವಾಬ್ದಾರಿ ಅಂದುಕೊಂಡು, ಕೆಂಪು ಶಾಯಿಯಲ್ಲಿ 60 ಹೊಡೆದು ಹಾಕಿ ‘30 ಡಿಗ್ರಿ’ ಅಂತ ತಿದ್ದಿ, ಎಂಥಾ ತಪ್ಪು ಹಿಡಿದೆ ಅಂತ ಬೀಗಿಕೊಂಡು ಸಂಪಾದಕರ ಮೇಜಿನ ಮೇಲಿಟ್ಟೆ.

ಅವರು ಬೈಯಲಿಲ್ಲ. ಮೂಲ ಚಿತ್ರ, ಕರಡು ಎರಡನ್ನೂ ಅಕ್ಕಪಕ್ಕ ಇಟ್ಟು, ಡ್ರಾಯರಿನಿಂದ ಹಳೇ ಕೋನಮಾಪಕ ತೆಗೆದು ಮೇಲಿಟ್ಟು, ಕಾಫಿ ಕುಡಿಯೋಕೆ ಎದ್ದು ಹೋದರು. ಅಳೆದೆ. ಮೂಲದ್ದು 60. ಕರಡಿನದ್ದೂ 60. ಶೃಂಗದ ಮೇಲೆ, ಅಂದ್ರೆ ಎರಡು ಗೆರೆ ಸೇರುವ ಮೂಲೆಯ ಮೇಲೆ, ಸರಿಯಾಗಿ ಕೂತಿಲ್ಲವೇನೋ ಅಂತ ಸರಿಸಿ ಮತ್ತೆ ಅಳೆದೆ. ಆಗಲೂ 60. ಬೆವರು ಬಂತು. ವಾಪಸ್ ಬಂದವರು ಕೇಳಿದ್ದು ಒಂದೇ ಮಾತು: “ಗೆರೆ ಗಿಡ್ಡ ಆಯ್ತು ಸರಿ, ತಿರುವು ಕಡಿಮೆ ಆಯ್ತೇನಯ್ಯಾ?”

ಗಣಿತದಲ್ಲಿ ಒಳ್ಳೇ ಅಂಕ ತೆಗೆದು ಪಿಯುಸಿ ಪಾಸಾದವನು ನಾನು. ತಲೆಯಲ್ಲಿ ಮಾತ್ರ ಕೋನ ಅಂದ್ರೆ ಜಾಗ ಅಂತಲೇ ಕೂತಿತ್ತು, ಮಿಡ್ಲ್ ಸ್ಕೂಲಿನಲ್ಲಿ ಯಾರೋ ಕೂರಿಸಿದ್ದು. ಇನ್ನೊಂದು ಮಜಾ ಏನಂದ್ರೆ, ಜಾಗದ ಲೆಕ್ಕವೇ ಆಗಿದ್ದರೆ ಉದ್ದ ಅಗಲ ಎರಡೂ ಅರ್ಧ ಆದಾಗ ಜಾಗ ಕಾಲುಭಾಗ ಆಗುತ್ತದೆ, ನಾನು 15 ಅಂತ ಬರೆಯಬೇಕಿತ್ತು. ತಪ್ಪನ್ನೂ ನೆಟ್ಟಗೆ ಮಾಡಿರಲಿಲ್ಲ.

ಹಾಗಾಗಿ ‘ಜಾಗ’ ತೆಗೀರಿ. ತಿರುವು ಅನ್ನಿ. ಒಂದು ಕಿರಣ, ಅಂದ್ರೆ ಒಂದೇ ಕಡೆ ತುದಿ ಇರುವ ಗೆರೆ, ತನ್ನ ತುದಿಯ ಮೇಲೆ ಎಷ್ಟು ತಿರುಗಿದರೆ ಇನ್ನೊಂದು ಕಿರಣದ ಮೇಲೆ ಹೋಗಿ ಕೂರುತ್ತದೆ, ಅದು ಕೋನದ ಅಳತೆ. ಕೈಗಡಿಯಾರದಲ್ಲಿ 3 ಗಂಟೆ ಆದಾಗ ಮುಳ್ಳುಗಳ ನಡುವೆ 90 ಡಿಗ್ರಿ, ರೈಲ್ವೆ ಸ್ಟೇಷನ್ನಿನ ಗಡಿಯಾರದಲ್ಲೂ ಅದೇ 90. ನಿಮಿಷದ ಮುಳ್ಳು ಗೇಣುದ್ದ ಇರಲಿ, ಬೆರಳುದ್ದ ಇರಲಿ, ನಿಮಿಷಕ್ಕೆ 6 ಡಿಗ್ರಿಯೇ ತಿರುಗೋದು. ಯೂಕ್ಲಿಡ್ಡನ ನಾಲ್ಕನೇ ಆಧಾರ ಪ್ರತಿಜ್ಞೆ (ಸಾಧಿಸದೆ ಒಪ್ಪಿಕೊಂಡು ಹೊರಡುವ ಮಾತು) ‘ಎಲ್ಲಾ ಲಂಬಕೋನಗಳೂ ಒಂದಕ್ಕೊಂದು ಸಮ’ ಅನ್ನುತ್ತದೆ. ಇದನ್ನೂ ಹೇಳಬೇಕಾ ಅಂತ ಓದುವಾಗ ಅನಿಸುತ್ತದೆ. ಗಾರೆ ಕೆಲಸದವರ ಮೂಲೆಮಟ್ಟವನ್ನೂ ಜಾಮೆಟ್ರಿ ಬಾಕ್ಸಿನ ಸೆಟ್ ಸ್ಕ್ವೇರನ್ನೂ ಮೂಲೆಗೆ ಮೂಲೆ ತಾಗಿಸಿ ಹಿಡಿಸಿ, ಮಕ್ಕಳೇ ನೋಡಿಕೊಳ್ಳುತ್ತಾರೆ.

ಕಿರಣ, ಸಮತಲದ ಭಾಗವನ್ನು ನಾನು ಸುಮ್ನೆ ಕಣ್ಣಾಡಿಸಿದ್ದೇನೆ, ಅದು ಹಾಗೇ ಇರಲಿ. ಈ ಎರಡು ಜಾಗ ತಿದ್ದಿ ಹದಿನೈದು ದಿನದೊಳಗೆ ಕಳಿಸಿ, ಮುಂದಿನ ಸಂಚಿಕೆಗೆ ಪುಟ ಇಟ್ಟಿರುತ್ತೇನೆ. ಚಿತ್ರ 4ರಲ್ಲಿ ಒಂದೇ ಕೋನವನ್ನು ಎರಡು ಸೈಜಿನಲ್ಲಿ ಬಿಡಿಸಿ. ಕೆಳಗೆ ಡಿಗ್ರಿ ಬರೆಯಬೇಡಿ.