‘ಬೀಗ ಹಾಕಿದೆನೋ ಇಲ್ಲವೋ’: ರಜೆಗೂ ಇಳಿಯದ ದಣಿವಿನ ಒಂದು ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಸಂಜೆ ಏಳೂವರೆ. ಬಸ್ಸು ಹೊರಡಲು ಇನ್ನೈದು ನಿಮಿಷ. ಕಿಟಕಿ ಪಕ್ಕದ ಸೀಟು ಹಿಡಿದು ಕೂತ ಬ್ಯಾಂಕ್ ಅಧಿಕಾರಿ ಬ್ಯಾಗಿನ ಒಳಜೇಬಿಗೆ ಕೈಹಾಕಿ ಕೀಲಿ ಮುಟ್ಟಿ ನೋಡುತ್ತಾರೆ. ಇದೆ. ಮತ್ತೆ ಮುಟ್ಟುತ್ತಾರೆ. ಆಮೇಲೆ ತಡೆಯಲಾರದೆ ಇಳಿದು, ಆಟೊ ಹಿಡಿದು ಶಾಖೆಗೆ ಬಂದು, ಹೊರಬಾಗಿಲ ಬೀಗ ಜಗ್ಗಿ ನೋಡುತ್ತಾರೆ. ಬಿದ್ದಿದೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಮುಂದಿನದು ಎಂಟೂಕಾಲಿಗೆ. ಆ ತಿಂಗಳಲ್ಲಿ ಹೀಗಾಗಿದ್ದು ಅದು ಆರನೇ ಸಲ. ಸ್ಟ್ರಾಂಗ್ ರೂಮಿನ ಎರಡು ಕೀಲಿಗಳಲ್ಲಿ ಒಂದು ಮಾತ್ರ ಇವರದು, ಇನ್ನೊಂದು ಮ್ಯಾನೇಜರ್ ಬಳಿ. ಎರಡೂ ಸೇರದೆ ಆ ಬಾಗಿಲು ತೆರೆಯುವುದಿಲ್ಲ. ಅದು ಅವರಿಗೂ ಚೆನ್ನಾಗಿ ಗೊತ್ತು.

ಇವರು ಆಪ್ತಸಲಹೆಗೆಂದು ನಮ್ಮಲ್ಲಿಗೆ ಬಂದದ್ದು ಕೀಲಿಯ ದೂರು ಹೇಳಲು ಅಲ್ಲ, ಎದೆ ಬಿಗಿತಕ್ಕೆ. ವಯಸ್ಸು 41, 16 ವರ್ಷದ ಸರ್ವಿಸು. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಶಾಖೆಯಲ್ಲಿ ಚಿನ್ನದ ಸಾಲ ಮತ್ತು ಬೆಳೆಸಾಲ ನೋಡಿಕೊಳ್ಳುತ್ತಾರೆ. ನಾಲ್ಕು ತಿಂಗಳಲ್ಲಿ ಮೂರು ಸಲ ಎದೆ ಹಿಡಿದುಕೊಂಡಂತಾಗಿ ಆಸ್ಪತ್ರೆಗೆ ಹೋಗಿದ್ದರು. ಇಸಿಜಿ, ಎಕೊ ಎರಡೂ ಸರಿಯಿದ್ದವು. ರಕ್ತದೊತ್ತಡ 148/94 (ಹೆಚ್ಚು), ಹಿಮೋಗ್ಲೋಬಿನ್ 9.8 (ಕಡಿಮೆ), ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.1 (ಮಧುಮೇಹದ ಅಂಚು), ಥೈರಾಯ್ಡ್ ಸರಿ. ವರ್ಷದಲ್ಲಿ ಎರಡು ಸಲ ಮೂತ್ರದ ಸೋಂಕು. ವೈದ್ಯರು ‘ಟೆನ್ಷನ್ ಕಡಿಮೆ ಮಾಡ್ಕೊಳ್ಳಿ’ ಎಂದು ಹೇಳಿ ಕಳಿಸಿದ್ದರು. ‘ಎಲ್ಲಿ ಕಡಿಮೆ ಮಾಡ್ಲಿ ಮೇಡಂ, ಅದನ್ನ ಯಾರೂ ಹೇಳ್ತಿಲ್ಲ’ ಎನ್ನುವುದು ಅವರ ಮೊದಲ ಮಾತಾಗಿತ್ತು. ನ್ಯಾಯವಾದ ಪ್ರಶ್ನೆ. ಹಾಗಾಗಿ ಅವರ ಒಂದು ದಿನವನ್ನು ಗಂಟೆ ಲೆಕ್ಕದಲ್ಲಿ ಬರೆದುಕೊಂಡೆವು.

ಐದಕ್ಕೆ ಏಳುವುದು, ಇಬ್ಬರು ಮಕ್ಕಳ ಡಬ್ಬಿ, ಅತ್ತೆಯ ತಿಂಡಿ, ಮಾತ್ರೆ. 7.40ರ ಬಸ್ಸು. ಒಂಬತ್ತೂವರೆಯಿಂದ ಶಾಖೆ. ನಾಲ್ಕರ ನಂತರ ಅಡವಿಟ್ಟ ಚಿನ್ನದ ಪೊಟ್ಟಣಗಳ ತಾಳೆ, ಐದೂವರೆಗೆ ಪ್ರಾದೇಶಿಕ ಕಚೇರಿಯ ವಿಡಿಯೊ ಕಾನ್ಫರೆನ್ಸ್. ಯಾವ ಶಾಖೆ ಎಷ್ಟು ವಿಮೆ ಮಾಡಿಸಿತು, ಎಷ್ಟು ವಸೂಲಾಯಿತು ಎಂದು ಅಲ್ಲಿ ಹೆಸರು ಹಿಡಿದು ಕೇಳುತ್ತಾರೆ. ಏಳೂವರೆಗೆ ಹೊರಟರೆ ಮನೆ ಸೇರುವುದು ಒಂಬತ್ತಕ್ಕೆ, ಆಮೇಲೆ ಹನ್ನೊಂದರವರೆಗೆ ವಾಟ್ಸ್‌ಆ್ಯಪ್ ಗುಂಪುಗಳಿಗೆ ಉತ್ತರ. ಎರಡನೇ, ನಾಲ್ಕನೇ ಶನಿವಾರ ಬಿಟ್ಟರೆ ವಾರಕ್ಕೆ ಆರು ದಿನ. ಬಸ್ಸಿನ ಹೊತ್ತು ಬಿಟ್ಟೇ ವಾರಕ್ಕೆ 60 ಗಂಟೆ ದಾಟುತ್ತಿತ್ತು. ಈ ಅಂಕಿ ಮುಖ್ಯ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ 35%, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಲೆಕ್ಕ ಕೊಟ್ಟಿವೆ.

ಊಟ ಮೂರು ಗಂಟೆಗೆ, ಇಲ್ಲವೇ ಇಲ್ಲ. ದಿನಕ್ಕೆ ಆರು ಕಾಫಿ. ಶಾಖೆಯ ಶೌಚಾಲಯ ಸರಿಯಿಲ್ಲವೆಂದು ಸಂಜೆವರೆಗೂ ನೀರೇ ಕುಡಿಯುತ್ತಿರಲಿಲ್ಲ. ಸೋಂಕು ಪದೇ ಪದೇ ಬಂದದ್ದಕ್ಕೆ ಇದೂ ಒಂದು ಕಾರಣ. ಒತ್ತಡದ ಕಾಯಿಲೆ ಎಂದರೆ ತಲೆಯೊಳಗಿನ ಸಂಗತಿ ಎಂದು ತಿಳಿಯುವವರು ಇದನ್ನು ಗಮನಿಸಬೇಕು. ಕೆಟ್ಟ ಶೌಚಾಲಯವೂ ಕೆಲಸದ ಒತ್ತಡವೇ.

ರಜೆ ಯಾಕೆ ಕೈಕೊಟ್ಟಿತು

ನಮ್ಮಲ್ಲಿಗೆ ಬರುವ ಒಂದೂವರೆ ತಿಂಗಳ ಹಿಂದೆ ಅವರಿಗೆ ಹತ್ತು ದಿನ ರಜೆ ಸಿಕ್ಕಿತ್ತು. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಮುನ್ಸೂಚನೆ ಕೊಡದೆ ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕು 2021ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಇವರ ಹುದ್ದೆ ಅವರ ಬ್ಯಾಂಕಿನ ಆ ಪಟ್ಟಿಯಲ್ಲಿದೆ. ಆ ರಜೆಯ ಉದ್ದೇಶ ವಿಶ್ರಾಂತಿಯಲ್ಲ, ವಂಚನೆ ತಡೆಯುವುದು. ರಜೆಯಲ್ಲಿರುವವರ ಕೈಗೆ ಕಚೇರಿಯ ಇಮೇಲ್ ಬಿಟ್ಟು ಕೆಲಸದ ಬೇರೇನೂ ಸಿಗಬಾರದು ಎಂದೂ ಅದರಲ್ಲಿದೆ. ಆದರೆ ವಾಟ್ಸ್‌ಆ್ಯಪ್ ಗುಂಪು ಎಂದಿನಂತೆ ಬಡಿದುಕೊಳ್ಳುತ್ತಲೇ ಇತ್ತು.

ಮೊದಲ ನಾಲ್ಕು ದಿನ ಬರೀ ನಿದ್ದೆ, ತಲೆನೋವು. ಆರನೇ ದಿನ ಎದೆ ಹಗುರಾಯಿತು. ಎಂಟನೇ ದಿನದಿಂದ ‘ಸೋಮವಾರ’ ನೆನಪಾಗತೊಡಗಿತು. ಕೆಲಸಕ್ಕೆ ಹೋದ ಮೂರನೇ ದಿನ ಎದೆ ಬಿಗಿತ ಮರಳಿತು. ‘ರಜೆ ತಗೊಂಡೂ ಸರಿಹೋಗಿಲ್ಲ ಅಂದ್ರೆ ನನ್ನಲ್ಲೇ ಏನೋ ಕೆಟ್ಟಿದೆ’ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ನಾವು ಅದೇ ವಿವರವನ್ನು ತಿರುಗಿಸಿ ತೋರಿಸಿದೆವು: ಕೆಲಸದಿಂದ ದೂರ ಹೋದಾಗ ದೇಹ ಆರೇ ದಿನದಲ್ಲಿ ಚೇತರಿಸಿಕೊಳ್ಳುತ್ತದೆ, ಹತ್ತಿರ ಬಂದರೆ ಮೂರೇ ದಿನದಲ್ಲಿ ಕೆಡುತ್ತದೆ. ಕೆಟ್ಟಿರುವುದು ಎಲ್ಲಿ ಎಂದು ದೇಹವೇ ಹೇಳುತ್ತಿದೆ.

ಬರ್ನ್‌ಔಟ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ವರ್ಗೀಕರಣದ ಪಟ್ಟಿಯಲ್ಲಿ ಕಾಯಿಲೆ ಎಂದಲ್ಲ, ಉದ್ಯೋಗಕ್ಕೆ ಅಂಟಿದ ಸ್ಥಿತಿ ಎಂದು ದಾಖಲಾಗಿದೆ. ಲಕ್ಷಣ ಮೂರು. ಬರಿದಾಗುವ ದಣಿವು ಒಂದು. ಕೆಲಸದ ಬಗ್ಗೆ ದೂರ, ಕಹಿ ಎರಡನೆಯದು. ಇದು ಅವರ ಬಾಯಲ್ಲಿ ಹೀಗೆ ಬಂತು: ‘ಮೊದ್ಲು ಯಾರಾದ್ರೂ ಅಜ್ಜ ಪಾಸ್‌ಬುಕ್ ತಂದ್ರೆ ಪಕ್ಕ ಕೂರಿಸ್ಕೊಂಡು ಓದಿ ಹೇಳ್ತಿದ್ದೆ. ಈಗ ಮುಖಾನೂ ನೋಡ್ದೆ ನಾಳೆ ಬಾ ಅಂತೀನಿ.’ ಇದನ್ನು ಹೇಳುವಾಗ ಮಾತ್ರ ಅವರು ಅತ್ತರು. ಮೂರನೆಯದು ತನಗೇನೂ ಬರುವುದಿಲ್ಲ ಎನ್ನುವ ಭಾವನೆ.

ಹಾಗೆಂದು ‘ಬರ್ನ್‌ಔಟ್ ಅಷ್ಟೇ’ ಎಂದು ಕೈತೊಳೆದುಕೊಳ್ಳುವಂತಿಲ್ಲ. ಅದರ ಬೆನ್ನಿಗೇ ಖಿನ್ನತೆ ಬರಬಹುದು. ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿ ಇವರಿಗೆ 27ಕ್ಕೆ 13, ಆತಂಕ ಅಳೆಯುವ ಜಿಎಡಿ-7ರಲ್ಲಿ 21ಕ್ಕೆ 12 ಬಂತು. ಯಾವುದರಲ್ಲಾದರೂ 10 ಅಥವಾ ಹೆಚ್ಚು ಬಂದರೆ ಮನೋವೈದ್ಯರು ನೋಡುವುದು ಒಳ್ಳೆಯದು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆವು. ಇಲ್ಲ ಎಂದರು. ಸ್ವಲ್ಪ ತಡೆದು, ‘ಬಸ್ಸಿಗೆ ಸಣ್ಣ ಆಕ್ಸಿಡೆಂಟಾಗಿ ಒಂದು ತಿಂಗ್ಳು ಆಸ್ಪತ್ರೇಲಿ ಮಲಗೋ ಹಾಗಾದ್ರೆ ಸಾಕು ಅನ್ಸುತ್ತೆ’ ಎಂದರು. ಈ ಮಾತು ಯಾರ ಬಾಯಲ್ಲಿ ಬಂದರೂ ಹಗುರವಾಗಿ ತೆಗೆದುಕೊಳ್ಳಬಾರದು. ಮನೆಯವರಿಗೆ ತಿಳಿಸಲು ಒಪ್ಪಿಗೆ ಪಡೆದೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿದೆವು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮನೋವೈದ್ಯರನ್ನು ಕಂಡರೆ ಸರ್ವಿಸ್ ರೆಕಾರ್ಡಿಗೆ ಕಪ್ಪು ಚುಕ್ಕಿ ಬೀಳುತ್ತದೆ ಎಂಬ ಹೆದರಿಕೆ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕು ಕೊಡುತ್ತದೆ ಎಂದು ವಿವರಿಸಿದ ಮೇಲೆ ಹೋದರು. ಅಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಸಹೋದ್ಯೋಗಿ ಕೊಟ್ಟ ಆತಂಕ ತಗ್ಗಿಸುವ 0.25 ಮಿ.ಗ್ರಾಂ ಅಲ್ಪ್ರಜೋಲಾಂ ಮಾತ್ರೆಯನ್ನು ಮೂರು ವಾರದಿಂದ ರಾತ್ರಿ ನುಂಗುತ್ತಿದ್ದರು. ಬೇಗ ಅಭ್ಯಾಸವಾಗಿಬಿಡುವ ಮಾತ್ರೆ ಅದು, ಥಟ್ಟನೆ ನಿಲ್ಲಿಸಿದರೆ ನಿದ್ದೆ, ಆತಂಕ ಎರಡೂ ಇನ್ನಷ್ಟು ಕೆಡುತ್ತವೆ. ವೈದ್ಯರು ಹಂತಹಂತವಾಗಿ ಬಿಡಿಸಿದರು. ಬೇರೆ ಮಾತ್ರೆ ಸದ್ಯಕ್ಕೆ ಬೇಡ, ನಾಲ್ಕು ವಾರ ಆಪ್ತಸಲಹೆ ನಡೆಯಲಿ, ಆಮೇಲೆ ನೋಡೋಣ ಎಂದರು.

ಕೊಟ್ಟ ಸಲಹೆ

ಮೊದಲು ರಕ್ತಹೀನತೆ. ಮುಟ್ಟಿನ ಸ್ರಾವ ಹೆಚ್ಚಿತ್ತು, ಅದಕ್ಕೆ ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆವು. ಕಬ್ಬಿಣದ ಮಾತ್ರೆಯನ್ನು ಇವರು ಬೆಳಗಿನ ಕಾಫಿಯ ಜೊತೆಗೇ ನುಂಗುತ್ತಿದ್ದರು. ಕಾಫಿ, ಚಹಾ ಕಬ್ಬಿಣ ಹೀರಿಕೊಳ್ಳಲು ಬಿಡುವುದಿಲ್ಲ. ಒಂದೆರಡು ಗಂಟೆ ಅಂತರವಿಟ್ಟು ನಿಂಬೆ ನೀರಿನ ಜೊತೆ ತೆಗೆದುಕೊಳ್ಳಲು, ಹೊಟ್ಟೆ ಉರಿದರೆ ಊಟವಾದ ಮೇಲೆ ತೆಗೆದುಕೊಳ್ಳಲು ಹೇಳಿದೆವು. ಹಿಮೋಗ್ಲೋಬಿನ್ 9.8 ಇರುವವರಿಗೆ ಧ್ಯಾನ ಮಾಡಿ ಎಂದಷ್ಟೇ ಹೇಳಿ ಕಳಿಸುವುದು ಅನ್ಯಾಯ.

ನಂತರ ನಿದ್ದೆ. ರಾತ್ರಿ ಮೂರೂವರೆಗೆ ಎಚ್ಚರವಾಗಿ ಬೀರುವಿನಲ್ಲಿಟ್ಟ ಕೀಲಿ ನೋಡಿ ಬರುತ್ತಿದ್ದರು. ಕಾರ್ಟಿಸಾಲ್ ಎಂಬ ಹಾರ್ಮೋನು ನಡುರಾತ್ರಿ ತೀರಾ ಇಳಿದು ನಸುಕಿನಿಂದ ಏರುತ್ತದೆ. ದಿನವಿಡೀ ಕಾವಲಿನ ಸ್ಥಿತಿಯಲ್ಲೇ ಇದ್ದವರಿಗೆ ಆ ಹೊತ್ತಿನ ಸಣ್ಣ ಎಚ್ಚರವೂ ಪೂರ್ತಿ ಎಚ್ಚರವಾಗಿಬಿಡುತ್ತದೆ. ಕಾಫಿ ಎರಡಕ್ಕೆ ಇಳಿಸಿ, ಕೊನೆಯದು ಮಧ್ಯಾಹ್ನ ಒಂದಕ್ಕೆ ಮೊದಲು. ಕೆಫೀನಿನ ಅರ್ಧ ಪಾಲು ಸುಮಾರು ಐದು ಗಂಟೆ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ದಿನಕ್ಕೊಂದು ಕಪ್ ಕಡಿಮೆ ಮಾಡುತ್ತ ಇಳಿಸಬೇಕು, ಇಲ್ಲದಿದ್ದರೆ ತಲೆನೋವು ಬರುತ್ತದೆ. ಫೋನು ನಡುಮನೆಯಲ್ಲಿ ಚಾರ್ಜಿಗೆ. ಏಳುವ ಹೊತ್ತು ಭಾನುವಾರವೂ ಅದೇ. ಎಚ್ಚರವಾದರೆ ಗಡಿಯಾರ ನೋಡಬಾರದು, 20 ನಿಮಿಷದಷ್ಟು ಹೊತ್ತು ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರಬೇಕು. ಸಂಜೆ ಬಸ್ಸಿನಲ್ಲಿ 15 ನಿಮಿಷ ಚಿಂತೆಗಳನ್ನು ಬರೆಯುವುದು: ಎಡಗಡೆ ‘ನಾಳೆ ಮಾಡಬಹುದಾದ್ದು’, ಬಲಗಡೆ ‘ನನ್ನ ಕೈಯಲ್ಲಿಲ್ಲದ್ದು’.

ಎದೆ ಬಿಗಿತಕ್ಕೆ ಉಸಿರಾಟ: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ, ದಿನಕ್ಕೆರಡು ಸಲ. ಹೆಚ್ಚಿನವರು ತಪ್ಪುವುದು ಎರಡು ಕಡೆ. ದೊಡ್ಡ ದೊಡ್ಡ ಉಸಿರು ಎಳೆದು ತಲೆ ಸುತ್ತಿಸಿಕೊಳ್ಳುತ್ತಾರೆ, ಬೆರಳು ಜುಮ್ಮೆನ್ನುತ್ತದೆ. ಉಸಿರು ದೊಡ್ಡದಾಗಬೇಕಿಲ್ಲ, ನಿಧಾನವಾದರೆ ಸಾಕು. ಇನ್ನೊಂದು, ಸಮಾಧಾನದ ಹೊತ್ತಿನಲ್ಲಿ ರೂಢಿ ಮಾಡದೆ ಎದೆ ಹಿಡಿದಾಗಲೇ ಮೊದಲ ಪ್ರಯೋಗ ಮಾಡುತ್ತಾರೆ. ಒಂದು ಎಚ್ಚರಿಕೆಯನ್ನು ಬರೆದುಕೊಟ್ಟೆವು: ಮೆಟ್ಟಿಲು ಹತ್ತುವಾಗ ನೋವು ಬಂದರೆ, ತಣ್ಣನೆ ಬೆವರಿದರೆ, ನೋವು ತೋಳು, ದವಡೆಗೆ ಹರಡಿದರೆ ಉಸಿರು ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಹಿಂದೆ ಇಸಿಜಿ ಸರಿಯಿತ್ತು ಎನ್ನುವುದು ಇಂದಿಗೆ ಖಾತ್ರಿಯಲ್ಲ.

ಕೀಲಿಯದ್ದು ನಿಧಾನಕ್ಕೆ ಬಿಡಿಸಬೇಕಾದ ಗಂಟು. ಇದು ಗೀಳು ಕಾಯಿಲೆಯೇ ಎಂದು ಮೊದಲು ನೋಡಿದೆವು. ಮನೆಯಲ್ಲಿ ಗ್ಯಾಸ್, ನಲ್ಲಿ, ಬಾಗಿಲು ಯಾವುದನ್ನೂ ಮತ್ತೆ ಮತ್ತೆ ನೋಡುತ್ತಿರಲಿಲ್ಲ. ಶುರುವಾಗಿದ್ದು ಎಂಟು ತಿಂಗಳ ಹಿಂದೆ, ಪೊಟ್ಟಣದ ಚೀಟಿಯ ಸಂಖ್ಯೆಯೊಂದನ್ನು ತಪ್ಪಾಗಿ ಓದಿ ರಾತ್ರಿ ಹನ್ನೊಂದರವರೆಗೆ ಎಣಿಸಿದ ದಿನದಿಂದ. ಐದು ಗಂಟೆಗೂ ಕಡಿಮೆ ನಿದ್ದೆಯಲ್ಲಿ ನಡೆದಾಡುವವರಿಗೆ ತಾವು ಮಾಡಿದ ಕೆಲಸ ನೆನಪಿನಲ್ಲಿ ಸರಿಯಾಗಿ ಅಚ್ಚೊತ್ತುವುದಿಲ್ಲ. ಜೊತೆಗೆ, ಎಷ್ಟು ಸಲ ನೋಡುತ್ತೇವೋ ಅಷ್ಟು ನಮ್ಮ ನೆನಪಿನ ಮೇಲಿನ ನಂಬಿಕೆ ಕುಸಿಯುತ್ತದೆ. ಆದ್ದರಿಂದ ಒಂದೇ ಸಲ, ಆದರೆ ಪೂರ್ತಿ ಗಮನವಿಟ್ಟು. ಬೀಗ ಹಾಕುವಾಗ ಮ್ಯಾನೇಜರ್ ಎದುರಿಗೆ ಬಾಯಿಬಿಟ್ಟು ‘ಏಳು ಹತ್ತು, ಬೀಗ ಬಿತ್ತು, ಕೀಲಿ ಒಳಜೇಬಿಗೆ’ ಎನ್ನಬೇಕು, ಡೈರಿಯಲ್ಲಿ ಗೀಟು ಹಾಕಬೇಕು. ಬಸ್ಸಿನಲ್ಲಿ ಕೈ ಬ್ಯಾಗಿನ ಹೊರಗೆ. ಆತಂಕ ಏರುತ್ತದೆ, ಏರಲಿ. ಏನೂ ಮಾಡದೆ ಕೂತರೆ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯತೊಡಗುತ್ತದೆ.

ಎರಡನೇ ವಾರ ಅವರು ಖುಷಿಯಿಂದ ಬಂದರು, ಒಂದು ಸಲವೂ ವಾಪಸ್ ಹೋಗಿರಲಿಲ್ಲ. ವಿಚಾರಿಸಿದರೆ ಬೀಗದ ಫೋಟೊ ತೆಗೆದುಕೊಂಡು ಬಸ್ಸಿನಲ್ಲಿ ಒಂಬತ್ತು ಸಲ ನೋಡಿದ್ದರು! ಅದು ಅದೇ ಪರೀಕ್ಷೆ, ವೇಷ ಬೇರೆ. ಫೋಟೊ ನಿಲ್ಲಿಸಿದ ಮೇಲೆ ಒಂದು ವಾರ ಕಷ್ಟವಾಯಿತು, ನಂತರ ಇಳಿಯಿತು.

ಕೆಲಸವನ್ನೇ ಮುಟ್ಟದೆ ಇಷ್ಟೆಲ್ಲ ಮಾಡಿದ್ದರೆ ಅದು ಸೋರುವ ಕೊಡಕ್ಕೆ ನೀರು ತುಂಬಿದಂತಾಗುತ್ತಿತ್ತು. ಎರಡು ವಾರ ಅರ್ಧ ಗಂಟೆಗೊಮ್ಮೆ ಏನು ಮಾಡಿದೆ ಎಂದು ಬರೆದಿಡಲು ಹೇಳಿದೆವು. ಅದೇ ಅಂಕಿಗಳನ್ನು ಮೂರು ನಮೂನೆಯಲ್ಲಿ ಮೂರು ಗುಂಪಿಗೆ ಕಳಿಸಲು ವಾರಕ್ಕೆ ಒಂಬತ್ತು ಗಂಟೆ ಹೋಗುತ್ತಿತ್ತು. ‘ನನಗೆ ಆಗ್ತಿಲ್ಲ ಸಾರ್’ ಎಂದು ಮ್ಯಾನೇಜರ್ ಬಳಿ ಎರಡು ಸಲ ಹೇಳಿದ್ದರು, ‘ಯಾರಿಗೆ ಆಗ್ತಿದೆ ಹೇಳಿ’ ಎಂಬ ಉತ್ತರ ಬಂದಿತ್ತು. ಈ ಸಲ ಒಂದು ಪುಟದ ಪತ್ರ, ಅಂಕಿಗಳೊಂದಿಗೆ, ಮೂರು ಕೋರಿಕೆ: ದಿನಕ್ಕೊಂದೇ ವರದಿ, ಸಂಜೆ ನಾಲ್ಕೂವರೆಗೆ. ಕೀಲಿಯ ಹೊಣೆ ಸರದಿಯಲ್ಲಿ ಬದಲಾಗಲಿ. ರಾತ್ರಿ ಎಂಟೂವರೆಯ ನಂತರ ತುರ್ತಾದರೆ ಫೋನು, ಗುಂಪಿನ ಸಂದೇಶ ಮರುದಿನ. ಜೊತೆಗೆ ರಕ್ತದೊತ್ತಡ, ರಕ್ತಹೀನತೆಯ ಬಗ್ಗೆ ವೈದ್ಯರ ಪತ್ರ. ಮೊದಲ ಮತ್ತು ಮೂರನೆಯದಕ್ಕೆ ಒಪ್ಪಿದರು. ಕೀಲಿಯ ಸರದಿಗೆ ಶಾಖೆಯಲ್ಲಿ ಇನ್ನೊಬ್ಬ ಅಧಿಕಾರಿಯೇ ಇಲ್ಲ. ಸಂಜೆಯ ವಿಡಿಯೊ ಸಭೆ ಮೇಲಿನವರದ್ದು, ಅದು ಹಾಗೇ ಉಳಿಯಿತು. ಮೂರು ವಾರದಲ್ಲಿ ರಾತ್ರಿ ಬಂದ ತುರ್ತು ಕರೆ ಎರಡೇ ಎರಡು. ಸಿಬ್ಬಂದಿ ಕೊಡದೆ, ಗುರಿ ಇಳಿಸದೆ, ನೌಕರರಿಗೆ ಪ್ರಾಣಾಯಾಮದ ಶಿಬಿರ ಮಾತ್ರ ಏರ್ಪಡಿಸುವ ಸಂಸ್ಥೆಗಳು ತಮ್ಮ ಹೊಣೆಯನ್ನು ನೌಕರರ ಶ್ವಾಸಕೋಶಕ್ಕೆ ದಾಟಿಸುತ್ತಿವೆ ಎಂದೇ ನಮ್ಮ ಅಭಿಪ್ರಾಯ.

ಒಂದು ಭೇಟಿಗೆ ಗಂಡನನ್ನೂ ಕರೆದೆವು. ‘ಹೇಳಿದ್ರೆ ನಾನೂ ಸಹಾಯ ಮಾಡ್ತೀನಿ’ ಎಂದರು. ಹೇಳುವುದೂ ಒಂದು ಕೆಲಸವೇ. ಅದಕ್ಕೇ ಬೆಳಗಿನ ಡಬ್ಬಿಯನ್ನು ತರಕಾರಿ ತರುವುದರಿಂದ ಹಿಡಿದು ಪಾತ್ರೆ ತೊಳೆಯುವವರೆಗೆ ಪೂರ್ತಿ ಅವರಿಗೇ ಒಪ್ಪಿಸಿದೆವು. ಮೊದಲ ವಾರವಿಡೀ ಚಿತ್ರಾನ್ನವೇ ಆಯಿತಂತೆ. ಇವರಿಗೆ ದಿನಕ್ಕೆ 40 ನಿಮಿಷ ನಿದ್ದೆ ಹೆಚ್ಚಾಯಿತು.

ಹತ್ತು ವಾರದಲ್ಲಿ ಆರು ಭೇಟಿ. ಪಿಎಚ್‌ಕ್ಯು 13ರಿಂದ 6ಕ್ಕೆ, ಜಿಎಡಿ 12ರಿಂದ 5ಕ್ಕೆ ಇಳಿದಿದೆ. ರಕ್ತದೊತ್ತಡ 134/86, ಹಿಮೋಗ್ಲೋಬಿನ್ 11.2. ನಿದ್ದೆ ಆರೂವರೆ ಗಂಟೆ. ಮನೋವೈದ್ಯರು ಮಾತ್ರೆ ಬೇಡವೆಂದೇ ಉಳಿಸಿದ್ದಾರೆ. ಮನೆಗೆ ಹತ್ತಿರದ ಶಾಖೆಗೆ ವರ್ಗಾವಣೆ ಕೇಳಿದ್ದಾರೆ, ಉತ್ತರ ಬಂದಿಲ್ಲ.

ಮುಂದಿರುವುದು ಮಾರ್ಚ್. ಲೆಕ್ಕ ಮುಗಿಸುವ ಆ ತಿಂಗಳಲ್ಲಿ ರಾತ್ರಿ ಒಂಬತ್ತಾದರೂ ಶಾಖೆಯ ದೀಪ ಆರುವುದಿಲ್ಲ. ಏನೆಲ್ಲ ಕೈಬಿಟ್ಟರೂ ಮೂರನ್ನು ಬಿಡಬಾರದೆಂದು ಡೈರಿಯ ಮೊದಲ ಪುಟದಲ್ಲಿ ಅವರ ಕೈಯಲ್ಲೇ ಬರೆಸಿದ್ದೇವೆ: ಎರಡರೊಳಗೆ ಊಟ, ಸಂಜೆಯೊಳಗೆ ಎರಡು ಲೀಟರ್ ನೀರು, ಬೀಗಕ್ಕೆ ಒಂದೇ ಗೀಟು. ಸತತ ಮೂರು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆಯಾದರೆ, ಅಥವಾ ಆಸ್ಪತ್ರೆಯಲ್ಲಿ ಮಲಗುವ ಆಸೆ ಮತ್ತೆ ಬಂದರೆ ಏಪ್ರಿಲ್‌ವರೆಗೆ ಕಾಯದೆ ಕರೆ ಮಾಡಬೇಕು. ಶೌಚಾಲಯದ ದುರಸ್ತಿಗೆ ಶಾಖೆಯ ಮೂವರು ಮಹಿಳೆಯರೂ ಸೇರಿ ಅರ್ಜಿ ಬರೆದಿದ್ದಾರೆ. ಕಳೆದ ವಾರ ಪ್ಲಂಬರ್ ಬಂದು ಅಳತೆ ತೆಗೆದುಕೊಂಡು ಹೋದನಂತೆ.