‘ಎನರ್ಜಿ’ ಕ್ಯಾಪ್ಸೂಲ್: ಡಬ್ಬಿಯ ಹಿಂಬದಿ ಏನು ಹೇಳುತ್ತದೆ?

ಪ್ರಶ್ನೆ: ನನಗೆ 46 ವರ್ಷ. ತೀರ್ಥಹಳ್ಳಿ ಕಡೆಯವಳು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂರುತ್ತೇವೆ. ಈ ವರ್ಷ ವಿಪರೀತ ಸುಸ್ತು. ನಮ್ಮ ಮನೆಯವರು ಶಿವಮೊಗ್ಗದಿಂದ ಎನರ್ಜಿ ಕ್ಯಾಪ್ಸೂಲ್ ತಂದಿದ್ದಾರೆ, ದಿನಕ್ಕೆ ಎರಡು. ಒಂದು ಕ್ಯಾಪ್ಸೂಲಿನಲ್ಲಿ ಗ್ವಾರಾನಾ ಸಾರ 300 ಮಿಲಿಗ್ರಾಂ (ಶೇ 22 ಕೆಫೀನ್), ಜೊತೆಗೆ ಅಶ್ವಗಂಧ, ಕಬ್ಬಿಣ, ಬಿ12, ಬಯೋಟಿನ್ ಎಂದು ಬರೆದಿದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೇನೆ, ಮೂರು ಲೋಟ ಕಾಫಿ ಕುಡಿಯುತ್ತೇನೆ. ಇದನ್ನು ನುಂಗಬಹುದೇ? ಪಿಯುಸಿ ಓದುವ ಮಗ ಎನರ್ಜಿ ಡ್ರಿಂಕ್ ಕುಡಿಯುತ್ತಾನೆ, ಅದು ಸರಿಯೇ?

ಉತ್ತರ: ಸದ್ಯಕ್ಕೆ ಬೇಡ. ಹಿಂಬದಿಯ ಸಣ್ಣ ಅಕ್ಷರಗಳನ್ನು ಬಿಡದೆ ಬರೆದು ಕಳಿಸಿದ್ದೀರಿ, ಅರ್ಧ ಕೆಲಸ ನೀವೇ ಮುಗಿಸಿದಂತಾಯಿತು.

ಗ್ವಾರಾನಾ ಎಂಬುದು ಅಮೆಜಾನ್ ಕಾಡಿನ ಬಳ್ಳಿಯೊಂದರ ಬೀಜ. ಹೆಸರು ಗಿಡಮೂಲಿಕೆಯಂತೆ ಕೇಳಿಸಿದರೂ ಅದರ ಬಲವೆಲ್ಲ ಕೆಫೀನಿನದು. 300 ಮಿಲಿಗ್ರಾಂನಲ್ಲಿ ಶೇ 22 ಎಂದರೆ 66, ಎರಡು ಕ್ಯಾಪ್ಸೂಲಿಗೆ 132 ಮಿಲಿಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ, ದಿನದ ಮಿತಿ 300. ನಿಮ್ಮ ಮೂರು ಲೋಟವೇ ಆ ಗಡಿಯ ಹತ್ತಿರ ಬಂದು ನಿಂತಿದೆ. ಅದರ ಮೇಲೆ ಈ ಕ್ಯಾಪ್ಸೂಲ್ ಬಿದ್ದರೆ ಎದೆ ಹೊಡೆದುಕೊಳ್ಳುವುದು, ನಿದ್ದೆ ಕೆಡುವುದು, ಮರುದಿನ ಇನ್ನಷ್ಟು ಸುಸ್ತು. ಆಗ ಇನ್ನೊಂದು ಡಬ್ಬಿ ತರುತ್ತೀರಿ. ವ್ಯಾಪಾರ ನಡೆಯುವುದೇ ಹೀಗೆ.

ಥೈರಾಯ್ಡ್ ವಿಷಯ ಇನ್ನೂ ಮುಖ್ಯ. ಕಬ್ಬಿಣದಂಶ ನಿಮ್ಮ ಮಾತ್ರೆಯನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಎರಡರ ನಡುವೆ ನಾಲ್ಕು ಗಂಟೆಯ ಅಂತರ ಬೇಕು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) ಹೆಚ್ಚಿದ್ದರೆ ರಕ್ತಪರೀಕ್ಷೆಯ ವರದಿಯೇ ತಪ್ಪಾಗಿ ಬರಬಹುದು. ಇದನ್ನು ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ಅಂದಹಾಗೆ, ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ನುಂಗುವ ರೂಢಿಯಿದ್ದರೆ ಬಿಡಿ. ಬರಿಹೊಟ್ಟೆಗೆ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಬರಿಯ ಅದರಿಂದಲೇ ಸುಸ್ತು ಇಳಿದವರನ್ನು ಕಂಡಿದ್ದೇನೆ.

ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಸಾಲು, ದಿನದ ಪ್ರಮಾಣ, ಮುಗಿಯುವ ದಿನಾಂಕ ಇರಲೇಬೇಕು. ಆಯುರ್ವೇದ ಔಷಧವಾದರೆ ಪರವಾನಗಿಯ ಬಗೆಯೇ ಬೇರೆ. ಎರಡೂ ಇಲ್ಲದೆ ಸಂತೆಯಲ್ಲಿ ಪೊಟ್ಟಣ ಕಟ್ಟಿ ಕೊಡುವ ‘ಶಕ್ತಿ ಪುಡಿ’ಯನ್ನಂತೂ ಮುಟ್ಟಬೇಡಿ, ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಾಧ್ಯತೆಯಿದೆ.

ನಿಮ್ಮ ವಯಸ್ಸಿನಲ್ಲಿ ಸುಸ್ತು ಎಂದರೆ ಮೊದಲು ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ ನೋಡಿಸಬೇಕು. ಸಸ್ಯಾಹಾರಿಯಾದರೆ ಬಿ12 ಕೂಡ. ಮುಟ್ಟಿನ ಸ್ರಾವ ಹೆಚ್ಚಿದೆಯೇ ಎಂಬುದನ್ನು ಸಂಕೋಚಪಡದೆ ವೈದ್ಯರಿಗೆ ಹೇಳಿ. ಕ್ಯಾಪ್ಸೂಲನ್ನು ಈಗಾಗಲೇ ಶುರುಮಾಡಿದ್ದರೆ ಪರೀಕ್ಷೆಗೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಡಬ್ಬಿಯನ್ನು ಜೊತೆಗೆ ಒಯ್ಯಿರಿ.

ಮಗನ ಪಾನೀಯ: ನಮ್ಮ ದೇಶದ ನಿಯಮದಂತೆ ಲೀಟರಿಗೆ ಗರಿಷ್ಠ 300 ಮಿಲಿಗ್ರಾಂ ಕೆಫೀನ್, ಅಂದರೆ 250 ಮಿಲಿಲೀಟರಿನ ಕ್ಯಾನಿಗೆ 75ರವರೆಗೆ. ಮಕ್ಕಳಿಗೆ ಸೂಕ್ತವಲ್ಲವೆಂದು ಕ್ಯಾನಿನ ಮೇಲೇ ಅಚ್ಚಾಗಿರುತ್ತದೆ, ಅವನಿಂದಲೇ ಓದಿಸಿ.