ಬಾರ್ಸಿಲೋನಾದ ಗೂಳಿ ಅಖಾಡ ಖಾಲಿಯಾಗಿದ್ದು ಯಾವಾಗ?

ಪತ್ರ: ಮಗ ಬಾರ್ಸಿಲೋನಾದಿಂದ ಫೋಟೊ ಕಳಿಸಿದ್ದಾನೆ. ಹೊರಗೆ ನೋಡಿದರೆ ಗೂಳಿಕಾಳಗದ ಹಳೇ ಅಖಾಡ, ಒಳಗೆ ಶಾಪಿಂಗ್ ಮಾಲ್! ಅಲ್ಲಿ ಗೂಳಿಕಾಳಗ ನಿಷೇಧಿಸಿದ್ದಕ್ಕೆ ಹೀಗಾಯಿತೇ? ಅಷ್ಟು ಹಳೆಯ ಸಂಪ್ರದಾಯವನ್ನು ಒಂದು ಕಾನೂನು ಅಳಿಸಿಬಿಡಬಹುದೇ?
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ನಿಮ್ಮ ಮಗ ಕಳಿಸಿದ್ದು ಎಸ್ಪಾನ್ಯಾ ಚೌಕದ ‘ಲಾಸ್ ಅರೆನಾಸ್’ ಅಖಾಡದ ಫೋಟೊ ಇರಬೇಕು. ಅದು ಶುರುವಾಗಿದ್ದು 1900ರಲ್ಲಿ. ಅಲ್ಲಿ ಕೊನೆಯ ಕಾಳಗ ನಡೆದದ್ದು 1977ರಲ್ಲಿ. ನೀವು ಹೇಳುವ ಕಾನೂನು ಜಾರಿಗೆ ಬಂದಿದ್ದು 2012ರಲ್ಲಿ. ಅಂದರೆ ನಿಷೇಧದ ಮಾತೇ ಇಲ್ಲದ ಕಾಲದಲ್ಲಿ ಈ ಅಖಾಡ ಬಾಗಿಲು ಹಾಕಿತ್ತು.

ಆ ಊರಿಗೆ ಗೂಳಿ ಹುಚ್ಚು ಇರಲಿಲ್ಲ ಅಂತಲ್ಲ. ಕಡಲ ಬದಿಯ ಬಾರ್ಸಿಲೋನೆಟಾದಲ್ಲಿ 1834ರಲ್ಲಿ ‘ಎಲ್ ತೊರಿನ್’ ಎಂಬ ಅಖಾಡ ಕಟ್ಟಿದರು. ಮರುವರ್ಷ ಜುಲೈ 25ರಂದು ಅಲ್ಲಿ ಬಿಟ್ಟ ಗೂಳಿಗಳು ಸಪ್ಪೆಯಾಗಿದ್ದವು. ಕೊಟ್ಟ ಕಾಸಿಗೆ ಮೋಸವಾಯಿತು ಎಂದು ಜನ ರೇಗಿದರು. ಬೆಂಚು ಕಿತ್ತು ಎಸೆದರು, ಗೂಳಿಗೆ ಹಗ್ಗ ಕಟ್ಟಿ ಬೀದಿಯಲ್ಲಿ ಎಳೆದರು. ರಾತ್ರಿ ಆಗುವ ಹೊತ್ತಿಗೆ ಊರಿನ ಕ್ರೈಸ್ತ ಮಠಗಳಿಗೆ ಬೆಂಕಿ ಬಿದ್ದಿತ್ತು. ಆರು ಗೂಳಿ ಬಂದವು, ಆರೂ ಕೆಟ್ಟವು, ಅದಕ್ಕೇ ಮಠ ಸುಟ್ಟರು ಎಂದು ಜನ ಪದ ಕಟ್ಟಿ ಹಾಡಿದರು. ಗೂಳಿ ಬರೀ ನೆಪ ಬಿಡಿ. ದೇಶದಲ್ಲಿ ಸಿಂಹಾಸನಕ್ಕಾಗಿ ಯುದ್ಧ ನಡೆದಿತ್ತು, ಸನ್ಯಾಸಿಗಳು ಬಂಡುಕೋರರ ಕಡೆ ಇದ್ದಾರೆ ಎಂಬ ಸಿಟ್ಟು ಮೊದಲೇ ಹೊಗೆಯಾಡುತ್ತಿತ್ತು. ಇಂದು ಪ್ರವಾಸಿಗರು ಮುಗಿಬೀಳುವ ಬೊಕೇರಿಯಾ ಮಾರುಕಟ್ಟೆ ಇರುವುದು ಆ ದಿನ ಸುಟ್ಟ ಮಠವೊಂದರ ಜಾಗದಲ್ಲೇ. ಆ ಗಲಾಟೆಯ ನಂತರ 1850ರವರೆಗೆ ಊರಲ್ಲಿ ಗೂಳಿಕಾಳಗ ಬಂದ್ ಆಯಿತು. ನಿಷೇಧ ಅಲ್ಲಿಗೆ ಹೊಸದೇನಲ್ಲ, ನೋಡಿ.

ಆಗ ಜನರಿಗೆ ಆಸೆ ಇತ್ತು, ಹಾಗಾಗಿ ಕಾಳಗ ಮರಳಿ ಬಂತು. ಎಲ್ ತೊರಿನ್ ಸಾಲದೆ ಲಾಸ್ ಅರೆನಾಸ್ ಬಂತು. 1914ರಲ್ಲಿ ಮೂರನೆಯದು ಬಂತು. ಎರಡೇ ವರ್ಷದಲ್ಲಿ ಅದನ್ನು ಹಿಗ್ಗಿಸಿ ‘ಮೊನುಮೆಂತಾಲ್’ ಎಂದು ಹೆಸರಿಟ್ಟರು. ಒಂದೇ ಊರಲ್ಲಿ ಮೂರು ಅಖಾಡ!

ಆಮೇಲೆ ಆಸೆ ಇಳಿಯಿತು. ಊರಿನವರು ಫುಟ್‌ಬಾಲ್ ಕಡೆ ಹೊರಳಿದರು. 1960ರ ದಶಕದಲ್ಲಿ ಬಿಸಿಲು, ಸಮುದ್ರ ಅಂತ ಬಂದ ವಿದೇಶಿಯರು ಅಖಾಡದ ಸೀಟುಗಳಲ್ಲೂ ಕೂತರು. ಪ್ರವಾಸಿಗರನ್ನು ನಂಬಿ ನಿಂತ ಸಂಪ್ರದಾಯ ಜಾಸ್ತಿ ದಿನ ಬಾಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಾನೂನು ಬಂದಿದ್ದು ಇದೆಲ್ಲ ಆದ ಮೇಲೆ. 1,80,000ದಷ್ಟು ಜನ ಸಹಿ ಹಾಕಿ ಬೇಡಿಕೆ ಇಟ್ಟರು. 2010ರ ಜುಲೈ 28ರಂದು ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಪ್ರಾಂತ್ಯದ ಶಾಸನಸಭೆ 68–55 ಮತಗಳಿಂದ ಒಪ್ಪಿತು. ಸ್ಪೇನ್‌ನಿಂದ ನಾವು ಬೇರೆ ಎಂದು ತೋರಿಸಲು ಹೀಗೆ ಮಾಡಿದರು ಎಂದು ಆಗಲೇ ಕೆಲವರು ಗೊಣಗಿದರು. ಅದರಲ್ಲಿ ಸ್ವಲ್ಪ ಹುರುಳಿದೆ. ಯಾಕೆಂದರೆ ಅದೇ ಪ್ರಾಂತ್ಯದ ಎಬ್ರೊ ನದಿಯ ಸೀಮೆಯಲ್ಲಿ ಗೂಳಿಯ ಕೊಂಬಿಗೆ ಬೆಂಕಿ ಕಟ್ಟಿ ಓಡಿಸುವ ಆಟವಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಶಾಸನಸಭೆ ಆ ಆಟಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು! ಅಲ್ಲಿ ಗೂಳಿಯನ್ನು ಕೊಲ್ಲುವುದಿಲ್ಲ, ನಿಜ. ಆದರೆ ಗೂಳಿಗೆ ಅದೇನು ಹಬ್ಬವೇ?

ಮೊನುಮೆಂತಾಲ್‌ನಲ್ಲಿ ಕೊನೆಯ ಕಾಳಗ ನಡೆದಿದ್ದು 2011ರ ಸೆಪ್ಟೆಂಬರ್ 25ರಂದು. ಅವತ್ತು ಜನ ಕಿಕ್ಕಿರಿದಿದ್ದರು. ವಿದಾಯಕ್ಕೆ ಎಲ್ಲರೂ ಬರುತ್ತಾರೆ, ಅಲ್ವಾ?

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಮುಂದಿನ ಘಟನೆಯಲ್ಲಿದೆ. 2016ರ ಅಕ್ಟೋಬರ್‌ನಲ್ಲಿ ಸ್ಪೇನ್‌ನ ಸಂವಿಧಾನ ನ್ಯಾಯಾಲಯ ಈ ನಿಷೇಧವನ್ನೇ ರದ್ದು ಮಾಡಿತು. ಗೂಳಿಕಾಳಗ ಇಡೀ ದೇಶದ ಪರಂಪರೆ, ಅದನ್ನು ನಿಷೇಧಿಸುವ ಅಧಿಕಾರ ಒಂದು ಪ್ರಾಂತ್ಯಕ್ಕಿಲ್ಲ ಎಂದಿತು. ಬಾಗಿಲು ತೆರೆಯಿತು, ಆದರೆ ಗೂಳಿ ಮಾತ್ರ ಮರಳಲಿಲ್ಲ. ಕಾನೂನೇ ಆ ಆಟವನ್ನು ಕೊಂದಿದ್ದರೆ, ಕಾನೂನು ಹೋದಾಗ ಅದು ಎದ್ದು ಬರಬೇಕಿತ್ತಲ್ಲ.

ಇನ್ನು ಮಾಲ್ ವಿಷಯ. ಲಾಸ್ ಅರೆನಾಸ್ ಸುಮಾರು ಮೂರು ದಶಕ ಸುಮ್ನೆ ಪಾಳು ಬಿದ್ದಿತ್ತು. ವಾಸ್ತುಶಿಲ್ಪಿ ರಿಚರ್ಡ್ ರೋಜರ್ಸ್ ತಂಡ ಕೆಂಪು ಇಟ್ಟಿಗೆಯ ಹೊರಗೋಡೆಯನ್ನಷ್ಟೇ ಉಳಿಸಿಕೊಂಡು, ಅದರ ಬುಡದ ಮಣ್ಣು ತೆಗೆದು, ಕೆಳಗಿನಿಂದ ಆಧಾರ ಕೊಟ್ಟು ನಿಲ್ಲಿಸಿತು. 2011ರಲ್ಲಿ ಮಾಲ್ ತೆರೆಯಿತು. ತಾರಸಿಯ ಮೇಲೆ ಸುತ್ತ ಓಡಾಡಿ ಊರು ನೋಡಬಹುದು. ಹೊರಗಿನ ಲಿಫ್ಟಿಗೆ ದುಡ್ಡು ಕೇಳುತ್ತಾರೆ, ಒಳಗಿನ ಎಸ್ಕಲೇಟರ್‌ನಲ್ಲಿ ಹೋದರೆ ಪುಕ್ಕಟೆ ಎಂದು ಮಗನಿಗೆ ಹೇಳಿ. ಮೊನುಮೆಂತಾಲ್ ನೋಡುವ ಮನಸ್ಸಿದ್ದರೆ ಅದೇ ಹೆಸರಿನ ಮೆಟ್ರೊ ನಿಲ್ದಾಣದಲ್ಲಿ ಇಳಿದರಾಯಿತು.